ಸಮುದ್ರ ಸೇರುವ ನೀರು ನಿಜಕ್ಕೂ ವೇಸ್ಟಾ? ಅಘನಾಶಿನಿ, ಶರಾವತಿ ಕಡೆಯವರು ಹೇಳಿ

ಬೆಣ್ಣೆದೋಸೆ (ದಾವಣಗೆರೆ)

ಪಶ್ಚಿಮಕ್ಕೆ ಹರಿಯುವ ಹೊಳೆಗಳನ್ನು ಬಯಲುಸೀಮೆ ಕಡೆ ತಿರುಗಿಸುವ ಯೋಜನೆಗಳ ಮಾತು ಮತ್ತೆ ಜೋರಾಗಿದೆ. ಬೇಡ್ತಿ-ವರದಾ, ಅಘನಾಶಿನಿ-ವೇದಾವತಿ, ಎತ್ತಿನಹೊಳೆ ಅಂತೂ ಇದ್ದೇ ಇದೆ. ಟಿವಿ ಹಾಕಿದರೆ ಒಬ್ಬರು "ಇಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗಿ ಹಾಳಾಗ್ತಿದೆ" ಅನ್ನುತ್ತಾರೆ. ಎದುರಿಗೆ ಕೂತವರು "ಪ್ರಕೃತಿ ಮಾತೆ" ಅಂತ ಶುರು ಮಾಡುತ್ತಾರೆ. ಎರಡೂ ಕೇಳಿ ಸಾಕಾಗಿದೆ.

ನಾನು ಬಯಲುಸೀಮೆಯವನು. ನಮ್ಮಲ್ಲಿ ನೀರಿನ ಕಷ್ಟ ಇದೆ ಅನ್ನುವುದು ನಾಟಕ ಅಲ್ಲ. ಅದಕ್ಕೇ ನೇರವಾಗಿ ಕೇಳುತ್ತೇನೆ. ಹೊಳೆ ಸಮುದ್ರ ಸೇರುವುದರಿಂದ ಯಾರಿಗೆ ಏನು ಸಿಗುತ್ತದೆ? ಹೆಸರು ಹಿಡಿದು ಹೇಳಿ. ಕವಿತೆ ಬೇಡ.

ಗಜನಿಗದ್ದೆ (ಕುಮಟಾ)

ಕವಿತೆ ನನಗೂ ಬರುವುದಿಲ್ಲ ಮಾರಾಯ್ರೆ. ಗದ್ದೆ ವಿಷಯ ಹೇಳುತ್ತೇನೆ.

ಅಘನಾಶಿನಿ ಶಿರಸಿ ಹತ್ತಿರ ಮಂಜುಗುಣಿ ಕಡೆ ಹುಟ್ಟುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಬೀಳುತ್ತದೆ. ನಮ್ಮ ತದಡಿ ಹತ್ತಿರ ಸಮುದ್ರ ಸೇರುತ್ತದೆ. ನಡುವೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಕೆಳಗೆ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಜಾಗದಲ್ಲಿ, ಉಬ್ಬರ ಬಂದಾಗ ಉಪ್ಪುನೀರು ಒಳಗೆ ನುಗ್ಗುತ್ತದೆ, ಇಳಿತದಲ್ಲಿ ವಾಪಸ್ ಹೋಗುತ್ತದೆ. ಅದರ ಪಕ್ಕದ ತಗ್ಗು ಭೂಮಿಗೆ ಗಜನಿ ಅನ್ನುತ್ತೇವೆ.

ಬೇಸಿಗೆಯಲ್ಲಿ ಗಜನಿ ಮಣ್ಣು ಪೂರ್ತಿ ಉಪ್ಪು. ಜೂನ್‌ನಲ್ಲಿ ಮಳೆ ಹೊಡೆದು, ಹೊಳೆ ಮೇಲಿನಿಂದ ಸಿಹಿನೀರು ತಂದಾಗ ಆ ಉಪ್ಪು ತೊಳೆದುಹೋಗುತ್ತದೆ. ಆಗ ಮೊಳಕೆ ಕಟ್ಟಿದ ಕಗ್ಗ ಭತ್ತ ಎರಚುತ್ತೇವೆ. ಅದು ಉಪ್ಪನ್ನೂ ತಡೆಯುತ್ತದೆ, ನೆರೆ ನೀರಲ್ಲಿ ಮುಳುಗಿದರೂ ಬದುಕುತ್ತದೆ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಪೈರು ಎದೆಮಟ್ಟ ದಾಟುತ್ತದೆ. ಕೊಯ್ಲಿನ ಹೊತ್ತಿಗೆ ನೀರಲ್ಲಿ ನಿಂತು ತೆನೆ ಮಾತ್ರ ಕೊಯ್ಯುತ್ತೇವೆ. ಹುಲ್ಲು ಅಲ್ಲೇ ಬಿಡುತ್ತೇವೆ.

ಆಮೇಲೆ ಕಟ್ಟೆಯ ಜಂತ್ರಡಿ, ಅಂದರೆ ನೀರು ಬಿಡುವ ಹಲಗೆ ಬಾಗಿಲು, ಎತ್ತಿದರೆ ಉಬ್ಬರದ ಜೊತೆ ಶೆಟ್ಲಿ ಮರಿ, ಮೀನು ಮರಿ ಒಳಗೆ ಬರುತ್ತವೆ. ಶೆಟ್ಲಿ ಅಂದರೆ ನೀವು ಹೇಳುವ ಸೀಗಡಿ. ಆ ಕೊಳೆತ ಹುಲ್ಲಿನಿಂದಲೇ ಅವು ದೊಡ್ಡದಾಗುತ್ತವೆ. ಮಳೆಗಾಲದಲ್ಲಿ ಅಕ್ಕಿ ಕೊಟ್ಟ ಗದ್ದೆ ಬೇಸಿಗೆಯಲ್ಲಿ ಮೀನು ಕೊಡುತ್ತದೆ. ಮೇಲಿನ ಸಿಹಿನೀರು ನಿಂತರೆ ಭತ್ತ ಹೋಯಿತು. ಕೆಳಗಿನ ಉಪ್ಪುನೀರು ನಿಂತರೆ ಶೆಟ್ಲಿ ಹೋಯಿತು. ನಿಮ್ಮ "ವೇಸ್ಟ್ ನೀರು" ನಮಗೆ ಇಷ್ಟು ಮಾಡುತ್ತದೆ.

ವಾಣಿವಿಲಾಸ (ಹಿರಿಯೂರು)

ಅಣ್ಣ, ಓದಿ ಖುಷಿ ಆಯಿತು. ಆದರೆ ನಮ್ಮ ಕಡೆದೂ ಕೇಳಿ. ಮಾರಿಕಣಿವೆ ಡ್ಯಾಂ ಮುಗಿದದ್ದು 1907ರಲ್ಲಿ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ ಯಾವಾಗ ಗೊತ್ತಾ? 2022ರಲ್ಲಿ. 89 ವರ್ಷ! ನಡುವೆ ಎಷ್ಟೋ ವರ್ಷ ಡ್ಯಾಂ ಒಳಗೆ ನಡೆದು ಹೋಗಬಹುದಿತ್ತು. ತೆಂಗಿನ ತೋಟ ಕಣ್ಣೆದುರೇ ಒಣಗಿದವು. ಬೋರ್ ಕೊರೆಸುತ್ತಾ ಸಾಲ ಮಾಡಿದ್ದೇವೆ.

ನೀವು ಹೇಳುವ ಗದ್ದೆ ಎಷ್ಟು ಎಕರೆ ಇರಬಹುದು? ಇಲ್ಲಿ ಜಿಲ್ಲೆಗಟ್ಟಲೆ ಜನ ಇದ್ದೇವೆ. ತಪ್ಪು ತಿಳಿಯಬೇಡಿ, ನಿಮ್ಮ ಊಟ ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಆದರೆ ಮಳೆಗಾಲದಲ್ಲಿ ಉಕ್ಕಿ ಹರಿಯುವ ನೀರಿನಲ್ಲಿ ಸ್ವಲ್ಪ ಕೊಟ್ಟರೆ ಏನು ಕಡಿಮೆ ಆಗುತ್ತದೆ?

ನಿವೃತ್ತ ಎಂಜಿನಿಯರ್

ಹಿರಿಯೂರಿನವರ ಪ್ರಶ್ನೆ ಸರಿಯಾಗಿದೆ. ಈ ಹೊಳೆಗಳಲ್ಲಿ ವರ್ಷದ ನೀರಿನ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಹರಿದುಹೋಗುತ್ತದೆ. ಯೋಜನೆಗಳು ಕೇಳುವುದು ಆ ನೀರನ್ನು, ಬೇಸಿಗೆಯದನ್ನಲ್ಲ. ಗಜನಿಗೆ ಬೇಕಾದದ್ದನ್ನು ಬಿಟ್ಟು ಉಳಿದದ್ದನ್ನು ತೆಗೆದರೆ ಯಾರಿಗೂ ನಷ್ಟ ಇಲ್ಲ ಅನ್ನುವುದು ನಮ್ಮ ಲೆಕ್ಕ.

ಹೊನ್ನಾವರದಕ್ಕ

ಸರ್, ಆ ಲೆಕ್ಕ ಹಾಕಿ ನೋಡಿದ ಊರು ನಮ್ಮದು. ಅದಕ್ಕೇ ಬರೆಯುತ್ತಿದ್ದೇನೆ.

ಕುಮಟಾದಿಂದ ಹೊನ್ನಾವರ ಬಸ್ಸಲ್ಲಿ ಅರ್ಧ ಗಂಟೆ ದಾರಿ. ಅಲ್ಲಿ ಅಘನಾಶಿನಿ, ಇಲ್ಲಿ ಶರಾವತಿ. ಎರಡೂ ಘಟ್ಟದಿಂದ ಇಳಿದು ಬರುವ ಹೊಳೆಗಳೇ, ಎರಡಕ್ಕೂ ಅದೇ ಕಡಲು. ವ್ಯತ್ಯಾಸ ಇಷ್ಟೇ: ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದರು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಕರೆಂಟ್ ತೆಗೆದ ನೀರನ್ನು ವರ್ಷಪೂರ್ತಿ ಬಿಡುತ್ತಾರೆ. ಹಾಗಾಗಿ ಬೇಸಿಗೆಯಲ್ಲೂ ನಮ್ಮ ಅಳಿವೆಗೆ ಸಿಹಿನೀರು ಬರುತ್ತಲೇ ಇರುತ್ತದೆ. ಕೇಳಲು ಒಳ್ಳೆಯದು ಅಲ್ವಾ? ತೋಟದವರಿಗೆ ಒಳ್ಳೆಯದೇ ಆಯಿತು.

ಆದರೆ ಬಳಚು ಹೋಯಿತು. ಬಳಚು ಅಂದರೆ ಅಳಿವೆಯ ಕೆಸರಲ್ಲಿ ಸಿಗುವ ಚಿಪ್ಪು ಜೀವಿ, ಬಡವರ ಮನೆಯ ಪದಾರ್ಥ. ಅದಕ್ಕೆ ಬೇಸಿಗೆಯ ಉಪ್ಪು ಬೇಕು. ನಮ್ಮ ಅತ್ತೆಯ ಕಾಲದಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಹೋಗಿ, ಬಗ್ಗಿ ಆರಿಸಿ ತರುತ್ತಿದ್ದರು. ದೋಣಿ ಬೇಡ, ಬಲೆ ಬೇಡ, ಬಂಡವಾಳ ಬೇಡ, ಯಾರ ಅಪ್ಪಣೆಯೂ ಬೇಡ. ಗಂಡ ಕುಡುಕನಾದರೂ ಆ ಹೆಂಗಸಿನ ಒಲೆ ಉರಿಯುತ್ತಿತ್ತು. ಈಗ ನಮ್ಮ ಪೇಟೆಯಲ್ಲಿ ಬಳಚು ಬೇಕೆಂದರೆ ಅಘನಾಶಿನಿ ಕಡೆಯಿಂದ ಬರಬೇಕು. ಗೋವಾಕ್ಕೂ ಅಲ್ಲಿಂದಲೇ ಹೋಗುತ್ತದೆ.

ಇದು ನಾನೊಬ್ಬಳೇ ಹೇಳುವ ಕಥೆ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ನಮ್ಮ ಜಿಲ್ಲೆಯ ಅಳಿವೆಗಳನ್ನೆಲ್ಲ ಹೋಲಿಸಿ ನೋಡಿದ್ದಾರೆ. ಅಣೆಕಟ್ಟು ಇಲ್ಲದ ಅಘನಾಶಿನಿಯಲ್ಲಿ ಚಿಪ್ಪು ಆರಿಸಿ ಬದುಕುವವರು ಸಾವಿರಗಟ್ಟಲೆ ಇದ್ದಾರೆ. ಶರಾವತಿಯಲ್ಲಿ ಆ ಕಸುಬೇ ಸೊರಗಿದೆ.

ಅಣೆಕಟ್ಟು ಕಟ್ಟುವಾಗ ಮುಳುಗಡೆಯಾದವರ ಹೆಸರಾದರೂ ಒಂದು ಪಟ್ಟಿಯಲ್ಲಿತ್ತು. ಕೆಳಗೆ ಬಳಚು ಆರಿಸುವವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಪರಿಹಾರ ಕೇಳಲು ಅವರ ಹತ್ತಿರ ಪಹಣಿಯೂ ಇಲ್ಲ.

ಬೆಣ್ಣೆದೋಸೆ (ದಾವಣಗೆರೆ)

ಅಕ್ಕ, ನಾನು ಕೇಳಿದ್ದು ಇಂಥ ಉತ್ತರವನ್ನೇ. ಹಾಗಾದರೆ ಈ ಜಿಲ್ಲೆಯ ಬೇರೆ ಹೊಳೆಗಳ ಕಥೆ?

ಗಜನಿಗದ್ದೆ (ಕುಮಟಾ)

ದೊಡ್ಡವು ನಾಲ್ಕು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆ. ದೊಡ್ಡ ಕಟ್ಟೆ ಇಲ್ಲದೆ ಉಳಿದದ್ದು ಎರಡೇ, ಗಂಗಾವಳಿ ಮತ್ತು ಅಘನಾಶಿನಿ. ಗಂಗಾವಳಿಗೇ ಘಟ್ಟದ ಮೇಲೆ ಬೇಡ್ತಿ ಅನ್ನುತ್ತಾರೆ. ತಿರುಗಿಸಬೇಕು ಅನ್ನುವುದು ಈಗ ಆ ಎರಡನ್ನೇ. ನೋಡಿ ಹೇಗಿದೆ.

ತದಡಿ ಬಂದರು

ಎಲ್ಲರೂ ಅಳಿವೆ ಒಳಗಿನದನ್ನೇ ಹೇಳುತ್ತಿದ್ದೀರಿ. ನಾವು ಹೊರಗೆ ಕಡಲಲ್ಲಿ ಬೋಟ್ ಓಡಿಸುವವರು. ನಮ್ಮದೂ ಇದೇ ಹೊಳೆಯ ಮೇಲೆ ನಿಂತಿದೆ.

ದೊಡ್ಡ ಶೆಟ್ಲಿ ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿಗಳು ಉಬ್ಬರದ ಜೊತೆ ಅಳಿವೆಗೆ ಬರುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಯಲ್ಲಿ, ಗಜನಿಯಲ್ಲಿ ಬೆಳೆಯುತ್ತವೆ. ಅಲ್ಲಿ ದೊಡ್ಡ ಮೀನಿನ ಕಾಟ ಕಡಿಮೆ. ಬಿದ್ದ ಕಾಂಡ್ಲಾ ಎಲೆ ಕೊಳೆತು ಅವಕ್ಕೆ ತಿನಿಸು ಆಗುತ್ತದೆ. ಬಲಿತ ಮೇಲೆ ಕಡಲಿಗೆ ವಾಪಸ್. ಆಗ ನಮ್ಮ ಬಲೆಗೆ ಬೀಳುತ್ತವೆ. ಎಕ್ಸ್‌ಪೋರ್ಟ್ ಕಂಪನಿಯವರಿಗೆ ಅದು ಕಡಲಿನ ಮಾಲು. ಬೆಳೆದದ್ದು ಹೊಳೆಯ ಕೆಸರಿನಲ್ಲಿ.

ಕಾಂಡ್ಲಾ ಇರುವ ಕಡೆ ಗಜನಿಯ ಕಟ್ಟೆಗೆ ಅಲೆ ಹೊಡೆತವೂ ಕಮ್ಮಿ. ಇಲ್ಲದ ಕಡೆ ಕಟ್ಟೆ ರಿಪೇರಿಗೆ ದುಡ್ಡು ಸುರಿಯಬೇಕು.

ನಿವೃತ್ತ ಎಂಜಿನಿಯರ್

ಶರಾವತಿಯ ಉದಾಹರಣೆ ಒಪ್ಪುತ್ತೇನೆ. ಆದರೆ ಅದು ಬೇರೆ ಕೇಸು. ಅಲ್ಲಿ ಬೇಸಿಗೆಯ ಸಿಹಿನೀರು ಜಾಸ್ತಿ ಆದದ್ದು ತೊಂದರೆ. ನಾವು ಮಾತಾಡುತ್ತಿರುವುದು ಮಳೆಗಾಲದ ಪ್ರವಾಹದ ಬಗ್ಗೆ. ಪ್ರವಾಹ ಕಡಿಮೆಯಾದರೆ ಊರಿಗೆ ನುಗ್ಗುವ ನೀರೂ ಕಡಿಮೆ ಆಗುತ್ತದಲ್ಲ?

ಲೆಕ್ಕದ ಮೇಷ್ಟ್ರು

ಎಂಜಿನಿಯರ್ ಸಾಹೇಬರೇ, ಪ್ರವಾಹ ಮಾಡುವ ಕೆಲಸಕ್ಕೆ ಒಂದು ಹಳೆಯ ಉದಾಹರಣೆ ಇದೆ. ಈಜಿಪ್ಟಿನ ನೈಲ್. ಅಸ್ವಾನ್ ದೊಡ್ಡ ಅಣೆಕಟ್ಟಿನಲ್ಲಿ 1964ರಿಂದ ನೀರು ನಿಲ್ಲಿಸಲು ಶುರು ಮಾಡಿದರು. ಪ್ರತಿ ವರ್ಷ ಬರುತ್ತಿದ್ದ ನೆರೆ ನಿಂತಿತು. ಆ ನೆರೆ ಮೆಡಿಟರೇನಿಯನ್ ಕಡಲಿಗೆ ಮಣ್ಣಿನ ಸಾರ ಒಯ್ಯುತ್ತಿತ್ತು. ಅದನ್ನು ತಿಂದು ಸೂಕ್ಷ್ಮ ಪಾಚಿ, ಪಾಚಿ ತಿಂದು ಬೈಗೆಯಂಥ ಸಾರ್ಡೀನ್ ಮೀನು. 1962ರಲ್ಲಿ ಸುಮಾರು 18,000 ಟನ್ ಸಿಗುತ್ತಿದ್ದ ಸಾರ್ಡೀನ್ ಆ ದಶಕ ಮುಗಿಯುವಷ್ಟರಲ್ಲಿ ಕೆಲವೇ ನೂರು ಟನ್‌ಗೆ ಇಳಿಯಿತು. ನದೀಮುಖದ ದಡವನ್ನು ಕಡಲು ಕೊರೆಯತೊಡಗಿತು. ಯಾಕೆಂದರೆ ದಡ ತುಂಬುತ್ತಿದ್ದ ಹೂಳು ಅಣೆಕಟ್ಟಿನ ಹಿಂದೆ ಕೂತಿತ್ತು.

ಅಲ್ಲೂ "ಬರೀ ನೆರೆ ನೀರು" ಹಿಡಿದದ್ದೇ.

ನಿವೃತ್ತ ಎಂಜಿನಿಯರ್

ಮೇಷ್ಟ್ರೇ, ಆ ಕಥೆಯ ಉಳಿದರ್ಧವನ್ನೂ ಹೇಳಿ. 1980ರ ದಶಕದಲ್ಲಿ ಅಲ್ಲಿ ಮೀನು ಮತ್ತೆ ಹೆಚ್ಚಾಯಿತು.

ಲೆಕ್ಕದ ಮೇಷ್ಟ್ರು

ಹೌದು, ಹೆಚ್ಚಾಯಿತು. ಹೇಗೆ? ಹೊಲಗಳಿಗೆ ಹಾಕಿದ ರಾಸಾಯನಿಕ ಗೊಬ್ಬರ, ಕೈರೋ, ಅಲೆಕ್ಸಾಂಡ್ರಿಯಾ ನಗರಗಳ ಚರಂಡಿ ನೀರು ಕಡಲು ಸೇರಿ ಆ ಸಾರ ಕೊಟ್ಟವು ಅಂತ ಅಧ್ಯಯನ ಮಾಡಿದವರು ಹೇಳುತ್ತಾರೆ. ನದಿ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಗೊಬ್ಬರ ಕಾರ್ಖಾನೆ ಬೇಕಾಯಿತು. ಅದೂ ಒಂದು ದಾರಿ ಅನ್ನುವುದಾದರೆ ನನ್ನ ತಕರಾರಿಲ್ಲ, ಆದರೆ ಆ ಖರ್ಚನ್ನೂ ಯೋಜನಾ ವರದಿಯಲ್ಲಿ ಬರೆಯಿರಿ.

ಕಾನುಮನೆ (ಸಿದ್ದಾಪುರ)

ಘಟ್ಟದ ಮೇಲಿನವರು ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಹೊಳೆ ಮಳೆಗಾಲದಲ್ಲಿ ಹರಿಯುವುದು ಸರಿ. ಮಾರ್ಚ್, ಏಪ್ರಿಲ್‌ನಲ್ಲಿ ಹರಿಯುವ ನೀರು ಎಲ್ಲಿಂದ ಬರುತ್ತದೆ? ಕಾನಿನಿಂದ. ನಮ್ಮ ಕಡೆ ಹಳೆಯ ದಟ್ಟ ಕಾಡಿಗೆ ಕಾನು ಅನ್ನುವುದು. ಅದರ ನೆಲದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ದಪ್ಪಗೆ ಬಿದ್ದಿರುತ್ತದೆ, ಬೇರು ಆಳಕ್ಕೆ ಇಳಿದಿರುತ್ತದೆ. ಮಳೆನೀರು ಓಡುವ ಬದಲು ಇಳಿಯುತ್ತದೆ. ತಿಂಗಳುಗಟ್ಟಲೆ ಆದಮೇಲೆ ಕೆಳಗೆ ಅಬ್ಬಿಯಾಗಿ, ಅಂದರೆ ಒರತೆಯಾಗಿ, ಹೊರಗೆ ಬರುತ್ತದೆ. ಎಷ್ಟೋ ಮನೆಗಳಿಗೆ ಇಂದಿಗೂ ಪಂಪ್ ಇಲ್ಲದೆ ಅಬ್ಬಿ ನೀರೇ ಬರುವುದು. ಹಿಂದೆ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ.

ಅದೇ ಗುಡ್ಡ ಬೋಳಾದರೆ, ಇಲ್ಲ ಅಕೇಶಿಯಾ ನೆಟ್ಟರೆ, ಹಳ್ಳ ಡಿಸೆಂಬರ್, ಜನವರಿಗೇ ಬತ್ತುತ್ತದೆ. ಶರಾವತಿ ಕಣಿವೆಯ ಹಳ್ಳಗಳನ್ನು ಅಳತೆ ಮಾಡಿದವರೂ ಇದನ್ನೇ ಕಂಡಿದ್ದಾರೆ. ಸಹಜ ಕಾಡಿನ ಹಳ್ಳ ಬೇಸಿಗೆ ದಾಟುತ್ತದೆ, ನೆಡುತೋಪಿನ ಹಳ್ಳ ದಾಟುವುದಿಲ್ಲ. ಕುಮಟಾ, ಹೊನ್ನಾವರ ಪಟ್ಟಣಗಳಿಗೆ ಕುಡಿಯುವ ನೀರು ಹೋಗುವುದೂ ಅಘನಾಶಿನಿಯ ಮರಾಕಲ್‌ನಿಂದ. ಹೊನ್ನಾವರದಕ್ಕ ಕುಡಿಯುವ ನೀರಿನಲ್ಲೂ ನಮ್ಮ ಕಾನಿನ ಪಾಲಿದೆ ಅಂತಾಯಿತು!

ಇನ್ನು ಸೊಪ್ಪಿನಬೆಟ್ಟ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲೇ ಹಕ್ಕು ಕೊಟ್ಟರು. ತೋಟಕ್ಕೆ ಸೊಪ್ಪು, ದರಕು ಅಲ್ಲಿಂದಲೇ. ಅಡಿಕೆಯ ಬೆಲೆ ನೋಡಿ ತೋಟ ಮಾತ್ರ ಬೆಳೆಯುತ್ತದೆ ಅಂದುಕೊಳ್ಳುತ್ತಾರೆ, ಬೆಟ್ಟ ಹಾಳಾದರೆ ಗೊಬ್ಬರದ ಬಿಲ್ಲು ಏರುತ್ತದೆ. ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಹೆಕ್ಕಿ ಒಣಗಿಸಿ ಮಾರಿದ ದುಡ್ಡಲ್ಲಿ ಮಕ್ಕಳ ಫೀಸು ಕಟ್ಟುವ ಮನೆಗಳೂ ಇವೆ. ತೊಂಬತ್ತರ ದಶಕದಲ್ಲಿ ವಿದೇಶದಲ್ಲಿ ತೂಕ ಇಳಿಸುವ ಮಾತ್ರೆಗೆ ಅದರ ಸಿಪ್ಪೆ ಬೇಕಾಗಿ ಬೆಲೆ ಏರಿದಾಗ ಜನ ಹಣ್ಣಾಗುವ ಮೊದಲೇ ಕೊಂಬೆ ಕಡಿದು ಕೆಡವಿದ್ದೂ ಉಂಟು. ನಾವೇನು ಸಾಚಾ ಅಲ್ಲ.

ಸೊರಬದವ

ಕಾಡಿನ ಉಪಕಾರ ಎಲ್ಲ ಕೇಳಿದ್ದಾಯಿತು. ಉಪದ್ರವದ ಪಟ್ಟಿ ಯಾರು ಮಾಡುತ್ತಾರೆ? ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇವತ್ತಿಗೂ ಬೇಸಿಗೆ ಬಂದರೆ ದರಕು ಗುಡಿಸಲು ಹೋಗುವವರಿಗೆ ಆ ರೋಗ ಹರಡುವ ಉಣ್ಣೆ ಹುಳದ ಭಯ. ಮಂಗ ತೋಟ ಹಾಳು ಮಾಡುತ್ತದೆ, ಹಂದಿ ಗದ್ದೆ ಹಾಳು ಮಾಡುತ್ತದೆ. ಪೇಟೆಯಲ್ಲಿ ಕೂತು ಕಾಡು ಹೊಗಳುವವರು ಒಂದು ಸಲ ಉಣ್ಣೆ ಕಚ್ಚಿಸಿಕೊಳ್ಳಲಿ.

ಕಾನುಮನೆ (ಸಿದ್ದಾಪುರ)

ಅಣ್ಣ, ನಾನು ಪೇಟೆಯಲ್ಲಿ ಕೂತಿಲ್ಲ, ನಿಮ್ಮ ಪಕ್ಕದ ತಾಲ್ಲೂಕಿನಲ್ಲೇ ಇದ್ದೇನೆ. ಮಂಗನ ಕಾಯಿಲೆ ನಮ್ಮಲ್ಲೂ ಜನರನ್ನು ಕೊಂದಿದೆ. ನಿಮ್ಮ ಮಾತು ಲೆಕ್ಕದಲ್ಲಿ ಇರಲೇಬೇಕು. ಆದರೆ ಆ ರೋಗ ಹೆಚ್ಚು ಕಾಣುವುದು ಕಾಡಿನ ನಡುವಿನಲ್ಲಿ ಅಲ್ಲ, ಕಾಡು ಕಡಿದು ತೋಟ, ಗದ್ದೆ, ದನದ ಓಡಾಟ ಎಲ್ಲ ಬೆರೆತ ಅಂಚಿನಲ್ಲಿ. ಕಾಡು ತುಂಡಾದಷ್ಟೂ ಅಂಚು ಜಾಸ್ತಿ. ಇಷ್ಟು ಹೇಳಿ ನಿಲ್ಲಿಸುತ್ತೇನೆ, ಇದೇ ಬೇರೆ ಚರ್ಚೆ ಆದೀತು.

ಬೆಣ್ಣೆದೋಸೆ (ದಾವಣಗೆರೆ)

ಮೇಷ್ಟ್ರೇ, ಇದಕ್ಕೆಲ್ಲ ರೂಪಾಯಿ ಲೆಕ್ಕ ಹಾಕಲು ಆಗುತ್ತದಾ? ಸರ್ಕಾರಕ್ಕೆ ಅದೊಂದೇ ಭಾಷೆ ಅರ್ಥ ಆಗುವುದು.

ಲೆಕ್ಕದ ಮೇಷ್ಟ್ರು

ಹಾಕುತ್ತಾರೆ. 1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕಾಸ್ಟಾಂಜಾ ಮತ್ತು ಜೊತೆಗಾರರು ಇಡೀ ಭೂಮಿಯ ನಿಸರ್ಗ ಮಾಡುವ ಉಪಕಾರಕ್ಕೆ ಬೆಲೆ ಹಾಕಿದರು, ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್. ಆಗಿನ ಎಲ್ಲ ದೇಶಗಳ ಒಟ್ಟು ಉತ್ಪನ್ನಕ್ಕಿಂತ ಹೆಚ್ಚು. ಸುದ್ದಿ ಆಯಿತು, ಜಗಳವೂ ಆಯಿತು. ಭೂಮಿಯನ್ನೇ ಕೊಳ್ಳುವವನು ಯಾರು ಅಂತ ಕೇಳಿದರು. 2005ರಲ್ಲಿ ವಿಶ್ವಸಂಸ್ಥೆಯ ಮುತುವರ್ಜಿಯಲ್ಲಿ ಬಂದ ವರದಿ ಬೆಲೆಗಿಂತ ಸ್ಥಿತಿ ನೋಡಿತು. ನಿಸರ್ಗದಿಂದ ಮನುಷ್ಯನಿಗೆ ಸಿಗುವ 24 ಬಗೆಯ ಉಪಕಾರ ಪರೀಕ್ಷಿಸಿ, 15 ಹದಗೆಟ್ಟಿವೆ ಅಂದಿತು.

ನಮ್ಮ ದೇಶದಲ್ಲಿ ಕಾಡು ಬೇರೆ ಕೆಲಸಕ್ಕೆ ಕೊಟ್ಟರೆ ಕಟ್ಟಿಸಿಕೊಳ್ಳುವ ಹಣಕ್ಕೆ ಎನ್‌ಪಿವಿ ಅಂತ ಹೆಸರು. 2022ರಲ್ಲಿ ಏರಿಸಿದ ದರ ಹೆಕ್ಟೇರಿಗೆ ಸುಮಾರು 9.5 ಲಕ್ಷದಿಂದ 16 ಲಕ್ಷ ರೂಪಾಯಿ. ನನ್ನ ತಕರಾರು ದರದ ಮೇಲೆ ಅಲ್ಲ. ಆ ಹಣ ಸರ್ಕಾರದ ನಿಧಿಗೆ ಹೋಗುತ್ತದೆ, ಎಲ್ಲೋ ಗಿಡ ನೆಡುತ್ತಾರೆ. ಬಳಚು ಆರಿಸುವ ಹೆಂಗಸಿಗೆ ಅದರಿಂದ ಏನೂ ಬರುವುದಿಲ್ಲ. ಮತ್ತೆ ಆಕೆ ಇರುವುದು ಕಡಿದ ಕಾಡಿನಿಂದ ನೂರು ಕಿಲೋಮೀಟರ್ ಕೆಳಗೆ. ಮೇಲೆ ಆದ ಕೆಲಸಕ್ಕೆ ಕೆಳಗೆ ಆಗುವ ನಷ್ಟ ಯಾವ ಫಾರಂನಲ್ಲೂ ತುಂಬುವ ಜಾಗ ಇಲ್ಲ.

ಇನ್ನೊಂದು ಲೆಕ್ಕ, ಇದು ಹಿರಿಯೂರಿನವರಿಗೆ. ಎತ್ತಿನಹೊಳೆಯ ಅಂದಾಜು 2012ರಲ್ಲಿ 8,323 ಕೋಟಿ. 2023ರ ಹೊತ್ತಿಗೆ 23,251 ಕೋಟಿ. ಸಿಗುವ ನೀರು 24 ಟಿಎಂಸಿ ಅಂತ ಸರ್ಕಾರ, ಒಂಬತ್ತೂವರೆ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ. ಘಟ್ಟದ ಹೊಳೆ ಕಳೆದುಕೊಳ್ಳುವುದಂತೂ ಖಚಿತ. ಬಯಲುಸೀಮೆಗೆ ಮುಟ್ಟುವುದು ಎಷ್ಟು ಅನ್ನುವುದೇ ಅನುಮಾನ.

ವಾಣಿವಿಲಾಸ (ಹಿರಿಯೂರು)

ಅದು ನಮಗೂ ಗೊತ್ತು ಮೇಷ್ಟ್ರೇ. ಶಂಕುಸ್ಥಾಪನೆ ನೋಡಿ ನೋಡಿ ವಯಸ್ಸಾಯಿತು. ಆದರೆ ನಮಗೆ ಯಾರೂ ಬೇರೆ ದಾರಿ ತೋರಿಸುವುದಿಲ್ಲ. ನಮ್ಮ ಕೆರೆಗಳಲ್ಲಿ ಹೂಳು ತುಂಬಿದೆ, ಕಾಲುವೆ ಒತ್ತುವರಿ ಆಗಿದೆ, ಜಾಲಿ ಬೆಳೆದಿದೆ. ಅದನ್ನು ಬಿಡಿಸಲು ಹೋದರೆ ಊರಲ್ಲೇ ಜಗಳ. ದೂರದ ಹೊಳೆ ತಿರುಗಿಸುತ್ತೇವೆ ಅಂದರೆ ಊರಲ್ಲಿ ಯಾರಿಗೂ ಬೇಜಾರಿಲ್ಲ. ಅದಕ್ಕೇ ಎಲ್ಲ ಪಕ್ಷದವರಿಗೂ ಅದು ಇಷ್ಟ.

ಹೊನ್ನಾವರದಕ್ಕ

ತಮ್ಮಾ, ಇಷ್ಟು ನೇರವಾಗಿ ನಮ್ಮ ಕಡೆಯವರೂ ಹೇಳುವುದಿಲ್ಲ.

ತದಡಿ ಬಂದರು

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತಲ್ಲ, 4,801 ಹೆಕ್ಟೇರ್. ಗದಗದ ಮಾಗಡಿ ಕೆರೆ, ಅಂಕಸಮುದ್ರ ಪಕ್ಷಿಧಾಮವೂ ಅದೇ ದಿನ ಸೇರಿದವು. ಇನ್ನು ಯಾರೂ ಮುಟ್ಟುವುದಿಲ್ಲ ಅಂತ ನಮ್ಮವರು ಪಟಾಕಿ ಹೊಡೆದರು.

ಲೆಕ್ಕದ ಮೇಷ್ಟ್ರು

ಪಟಾಕಿ ಉಳಿಸಿಕೊಳ್ಳಬೇಕಿತ್ತು. ಪಟ್ಟಿಗೆ ಸೇರಿದ್ದು ಅಳಿವೆ, ಇಡೀ ಹೊಳೆ ಅಲ್ಲ. ಅಳಿವೆಯೊಳಗೆ ಮಣ್ಣು ತುಂಬಿದರೆ ಕೇಳಬಹುದು. ಘಟ್ಟದ ಮೇಲೆ ನೀರನ್ನೇ ತಿರುಗಿಸಿದರೆ ಆ ಪಟ್ಟಿ ತಾನಾಗಿ ತಡೆಯುವುದಿಲ್ಲ, ಯಾರಾದರೂ ಅದನ್ನು ಹಿಡಿದು ವಾದ ಮಾಡಬೇಕು.

ನಿವೃತ್ತ ಎಂಜಿನಿಯರ್

ಒಂದು ಮಾತು ಸೇರಿಸುತ್ತೇನೆ. ಯೋಜನಾ ವರದಿ ಮಾಡುವಾಗ ಕೆಳಗೆ ಎಷ್ಟು ನೀರು ಬಿಡಬೇಕು ಅನ್ನುವುದಕ್ಕೆ ಒಂದು ಶೇಕಡಾವಾರು ಅಂಕಿ ಹಾಕುವುದು ರೂಢಿ. ಇಲ್ಲಿ ಹೇಳಿದ್ದನ್ನು ನೋಡಿದರೆ ಪ್ರಮಾಣದಷ್ಟೇ ಸಮಯವೂ ಮುಖ್ಯ. ಉಪ್ಪು ತೊಳೆಯಲು ಜೂನ್‌ನಲ್ಲಿ ಬೇಕು, ಬಳಚಿಗೆ ಮಾರ್ಚ್‌ನಲ್ಲಿ ಉಪ್ಪು ಬೇಕು. ಒಂದೇ ಅಂಕಿಯಿಂದ ಅದು ಬಗೆಹರಿಯುವುದಿಲ್ಲ. ಆದರೂ ಒಂದಿಷ್ಟು ನೀರು ತೆಗೆಯಲು ಸಾಧ್ಯ ಅನ್ನುವ ನನ್ನ ಅಭಿಪ್ರಾಯ ಹಾಗೇ ಇದೆ. ಎಷ್ಟು ಅನ್ನುವುದನ್ನು ಅಳಿವೆಯಲ್ಲಿ ನಿಂತು ಅಳೆಯಬೇಕು.

ಬೆಣ್ಣೆದೋಸೆ (ದಾವಣಗೆರೆ)

ಕುಮಟಾದ ಅಣ್ಣನಿಗೆ ಒಂದು ಪ್ರಶ್ನೆ. ಗಜನಿ ಇಷ್ಟು ಒಳ್ಳೆಯದಾದರೆ ಎಲ್ಲರೂ ಬೇಸಾಯ ಮಾಡುತ್ತಿದ್ದಾರಾ?

ಗಜನಿಗದ್ದೆ (ಕುಮಟಾ)

ಇಲ್ಲ. ಸುಳ್ಳು ಯಾಕೆ ಹೇಳಲಿ. ತೊಂಬತ್ತರ ದಶಕದಲ್ಲಿ ಸೀಗಡಿ ಕೆರೆಯ ಹುಚ್ಚು ಹಿಡಿಯಿತು. ಹೊರಗಿನವರು ಬಂದು ಗದ್ದೆ ಲೀಸಿಗೆ ತೆಗೆದುಕೊಂಡರು, ವರ್ಷಪೂರ್ತಿ ಉಪ್ಪುನೀರು ನಿಲ್ಲಿಸಿದರು. ಮೊದಲು ದುಡ್ಡು ಬಂತು. ಆಮೇಲೆ ಬಿಳಿ ಚುಕ್ಕೆ ರೋಗ ಬಂತು, ಕೆರೆಗಟ್ಟಲೆ ಸೀಗಡಿ ಸತ್ತವು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸೀಗಡಿ ಕೆರೆಗಳ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಗಜನಿಯಲ್ಲಿ ಕಗ್ಗದ ಬೀಜವೇ ಉಳಿದಿರಲಿಲ್ಲ. ಈಗ ಮಾಣಿಕಟ್ಟಾ ಮುಂತಾದ ಕಡೆ ರೈತರು ಒಟ್ಟಾಗಿ ಬೆಳೆಯುತ್ತಾರೆ. ಒಬ್ಬನೇ ಬೆಳೆಯಲು ಆಗುವುದಿಲ್ಲ. ಕಟ್ಟೆ ಎಲ್ಲರದು, ಜಂತ್ರಡಿ ಎಲ್ಲರದು, ಯಾವಾಗ ಉಪ್ಪು ಬಿಡಬೇಕು ಅನ್ನುವುದನ್ನು ಎಲ್ಲರೂ ಕೂತು ತೀರ್ಮಾನಿಸಬೇಕು. ಕೂಲಿಗೆ ಜನ ಸಿಗುವುದಿಲ್ಲ, ನೀರಲ್ಲಿ ನಿಂತು ಕೊಯ್ಯಲು ಹುಡುಗರು ಬರುವುದಿಲ್ಲ.

ವಾಣಿವಿಲಾಸ (ಹಿರಿಯೂರು)

ಗಜನಿ ಅಣ್ಣ, ನಮ್ಮ ಕಡೆ ನಾಲೆ ಕೆಳಗಿನ ಕೆಲವು ಜಮೀನು ಚೌಳು ಹತ್ತಿದೆ. ಏನು ಹಾಕಿದರೂ ಬರುವುದಿಲ್ಲ. ನಿಮ್ಮ ಕಗ್ಗ ಅಲ್ಲಿ ಬರುತ್ತದಾ? ಒಂದು ಕಿಲೋ ಬೀಜ ಕಳಿಸಿದರೆ ನೋಡುತ್ತೇನೆ.

ಗಜನಿಗದ್ದೆ (ಕುಮಟಾ)

ಬೀಜ ಕೊಡುತ್ತೇನೆ, ದುಡ್ಡು ಬೇಡ. ಆದರೆ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಇಲ್ಲಿ ಮಳೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ, ಅದೇ ಉಪ್ಪು ತೊಳೆಯುವುದು. ನಿಮ್ಮಲ್ಲಿ ಆರುನೂರೂ ಕಷ್ಟ. ನಿಮ್ಮ ಚೌಳಿನ ಗುಣವೂ ಬೇರೆ, ಕಡಲ ಉಪ್ಪು ಬೇರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ತುಂಗಭದ್ರಾ ಅಚ್ಚುಕಟ್ಟಿನ ಚೌಳು ಮಣ್ಣಿನ ಮೇಲೆ ಕೆಲಸ ಮಾಡುತ್ತಾರೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಅವರನ್ನು ಕೇಳಿ. ಅವರು ಹಾಕಿ ನೋಡಿ ಅಂದರೆ ಕೊಯ್ಲು ಮುಗಿದ ಮೇಲೆ, ನವೆಂಬರ್ ಹೊತ್ತಿಗೆ ಮೆಸೇಜ್ ಮಾಡಿ. ಹಳೆಯ ಬೀಜ ಮೊಳೆಯುವುದು ಕಡಿಮೆ, ಹೊಸದನ್ನೇ ಕಳಿಸುತ್ತೇನೆ.